ವೇಳಾ ವಲಯದ ಗೆರೆ ಎಳೆಯುವವರು ಯಾರು? ಪದೇ ಪದೇ ಕೇಳುವ ಪ್ರಶ್ನೆಗಳು

ಕರಾವಳಿಯ ಒಂದು ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡುತ್ತೇನೆ. ರೇಖಾಂಶದ ಅಧ್ಯಾಯ ಬಂದಾಗಲೆಲ್ಲ ಒಂದೇ ಇಕ್ಕಟ್ಟು. ಕರಿಹಲಗೆಯ ಮೇಲೆ 360 ಭಾಗಿಸು 24, ಉತ್ತರ 15 ಎಂದು ಬರೆದು ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಯಾರಾದರೊಬ್ಬರು ಅಟ್ಲಾಸಿನ ಕೊನೆಯ ಪುಟ ಬಿಡಿಸಿ ಎದ್ದು ನಿಲ್ಲುತ್ತಾರೆ. ಅಲ್ಲಿ ಹಳದಿ, ಗುಲಾಬಿ, ಹಸಿರು ಪಟ್ಟಿಗಳು ಹಾವಿನ ಹಾಗೆ ಹೊರಳಿಕೊಂಡಿರುತ್ತವೆ. ಮಕ್ಕಳು ಕೇಳಿದ ಪ್ರಶ್ನೆಗಳು, ಹಳೆಯ ವಿದ್ಯಾರ್ಥಿಗಳು ಹೊರದೇಶದಿಂದ ಫೋನ್ ಮಾಡಿ ಕೇಳಿದವು, ಊರಿನ ಹಿರಿಯರು ಪಂಚಾಂಗ ಹಿಡಿದು ಕೇಳಿದವು, ಎಲ್ಲವನ್ನೂ ಒಟ್ಟುಮಾಡಿ ಇಲ್ಲಿ ಉತ್ತರಿಸಿದ್ದೇನೆ.

ಒಂದೊಂದು ವಲಯಕ್ಕೂ 15 ಡಿಗ್ರಿ ಎಂದಮೇಲೆ ಗೆರೆಗಳು ನೆಟ್ಟಗಿರಬೇಕಲ್ಲ? ಸೊಟ್ಟ ಯಾಕೆ?

ಲೆಕ್ಕ ಸರಿಯಾಗಿಯೇ ಇದೆ. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ, ಗಂಟೆಗೆ 15 ಡಿಗ್ರಿ, ಒಂದು ಡಿಗ್ರಿಗೆ 4 ನಿಮಿಷ. ಆದರೆ ಈ ಲೆಕ್ಕವನ್ನು ನೆಲದ ಮೇಲೆ ಹಾಗೆಯೇ ಗೀಚಿದರೆ ಗೆರೆ ಊರಿನ ನಡುವೆ ಹಾಯುತ್ತದೆ, ತಾಲ್ಲೂಕನ್ನು ಸೀಳುತ್ತದೆ, ಮನೆ ಒಂದು ವಲಯದಲ್ಲಿ, ಗದ್ದೆ ಇನ್ನೊಂದರಲ್ಲಿ ಆಗುತ್ತದೆ. ಹಾಗೆ ಬದುಕಲು ಯಾರಿಗೂ ಆಗದು. ಅದಕ್ಕೇ ಪ್ರತಿಯೊಂದು ದೇಶವೂ ತನ್ನ ನೆಲದಲ್ಲಿ ಯಾವ ವೇಳೆ ನಡೆಯಬೇಕೆಂದು ತಾನೇ ತೀರ್ಮಾನಿಸುತ್ತದೆ. ಅಟ್ಲಾಸಿನಲ್ಲಿ ಕಾಣುವ ಸೊಟ್ಟ ಗೆರೆಗಳಲ್ಲಿ ಹೆಚ್ಚಿನವು ದೇಶಗಳ ಗಡಿಗಳೇ. ದೇಶದ ಒಳಗೆ ಕಾಣುವವು ರಾಜ್ಯದ, ಜಿಲ್ಲೆಯ ಗಡಿಗಳು, ಕೆಲವು ಕಡೆ ನದಿಗಳು.

ಹಾಗಾದರೆ ವಿಶ್ವಸಂಸ್ಥೆಯಂಥ ಯಾವುದಾದರೂ ಸಂಸ್ಥೆ ಒಪ್ಪಿಗೆ ಕೊಡಬೇಡವೇ?

ಬೇಡ. ಅಂಥ ಸಂಸ್ಥೆಯೇ ಇಲ್ಲ. ಪ್ಯಾರಿಸ್ ಹತ್ತಿರ ಇರುವ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಕಚೇರಿ ಜಗತ್ತಿನ ಪರಮಾಣು ಗಡಿಯಾರಗಳನ್ನು ತಾಳೆ ಹಾಕಿ ಯುಟಿಸಿ ಎಂಬ ಮೂಲ ಸಮಯವನ್ನು ಲೆಕ್ಕ ಹಾಕುತ್ತದೆ. ನಮ್ಮಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಅದಕ್ಕೆ ಹೊಂದಿಸಿಕೊಂಡು ಭಾರತದ ಆದರ್ಶ ವೇಳೆಯನ್ನು ಕಾಯುತ್ತದೆ. ಇವರ ಕೆಲಸ ಕ್ಷಣವನ್ನು ಕರಾರುವಾಕ್ಕಾಗಿ ಅಳೆಯುವುದು. ಆ ಕ್ಷಣವನ್ನು ಯಾವ ಊರಿನಲ್ಲಿ ಎಷ್ಟು ಗಂಟೆ ಎಂದು ಕರೆಯಬೇಕು ಎಂಬುದು ಆಯಾ ಸರಕಾರಕ್ಕೆ ಬಿಟ್ಟದ್ದು.

1884ರಲ್ಲಿ ವಾಷಿಂಗ್ಟನ್ನಿನಲ್ಲಿ ಸಭೆ ಸೇರಿ ವಲಯಗಳನ್ನು ಹಂಚಿದರು ಎಂದು ಓದಿದ ನೆನಪು?

ಬಹಳ ಕಡೆ ಹಾಗೆ ಬರೆದಿರುತ್ತಾರೆ, ಅದು ತಪ್ಪು. ಆ ಅಕ್ಟೋಬರ್ ತಿಂಗಳಲ್ಲಿ 25 ದೇಶಗಳ 41 ಪ್ರತಿನಿಧಿಗಳು ಸೇರಿದ್ದು ಮುಖ್ಯವಾಗಿ ಪ್ರಧಾನ ರೇಖಾಂಶವನ್ನು ಆರಿಸಲು. ಗ್ರೀನಿಚ್ ಪರವಾಗಿ 22 ಮತ ಬಿತ್ತು, ಒಂದು ವಿರುದ್ಧ, ಫ್ರಾನ್ಸ್ ಮತ್ತು ಬ್ರೆಜಿಲ್ ಮತ ಹಾಕಲಿಲ್ಲ. ಗ್ರೀನಿಚ್ಚಿನ ಮಧ್ಯರಾತ್ರಿಗೆ ಶುರುವಾಗುವ ಒಂದು ಸಾರ್ವತ್ರಿಕ ದಿನವನ್ನೂ ಒಪ್ಪಿಕೊಂಡರು. ವಲಯಗಳನ್ನು ಯಾರ ಮೇಲೂ ಹೇರಲಿಲ್ಲ.

ವಲಯಗಳನ್ನು ಬಳಕೆಗೆ ತಂದವರು ರೈಲಿನವರು. ಅದಕ್ಕೂ ಒಂದು ವರ್ಷ ಮೊದಲು, 1883ರ ನವೆಂಬರ್ 18ರಂದು, ಅಮೆರಿಕ ಮತ್ತು ಕೆನಡಾದ ರೈಲು ಕಂಪನಿಗಳು ತಾವೇ ಮಾತಾಡಿಕೊಂಡು ಹತ್ತಾರು ಸ್ಥಾನಿಕ ವೇಳೆಗಳನ್ನು ಕೈಬಿಟ್ಟು ಬೆರಳೆಣಿಕೆಯ ವಲಯಗಳಿಗೆ ಬಂದವು. ಅಮೆರಿಕದ ಸರಕಾರ ಅದಕ್ಕೆ ಕಾನೂನಿನ ಮುದ್ರೆ ಒತ್ತಿದ್ದು 1918ರಲ್ಲಿ, 35 ವರ್ಷ ತಡವಾಗಿ.

ಫ್ರಾನ್ಸಿನ ಕಥೆಯನ್ನು ನಾನು ತರಗತಿಯಲ್ಲಿ ತಪ್ಪದೆ ಹೇಳುತ್ತೇನೆ. 1911ರಲ್ಲಿ ಅವರೂ ಗ್ರೀನಿಚ್ ವೇಳೆಗೆ ಬಂದರು. ಆದರೆ ಕಾನೂನಿನಲ್ಲಿ ಗ್ರೀನಿಚ್ ಎಂಬ ಹೆಸರಿಲ್ಲ. ಫ್ರಾನ್ಸಿನ ವೇಳೆ ಎಂದರೆ ಪ್ಯಾರಿಸ್ಸಿನ ವೇಳೆಯಲ್ಲಿ 9 ನಿಮಿಷ 21 ಸೆಕೆಂಡು ಕಳೆದದ್ದು ಎಂದು ಬರೆದರು. ಕಳೆದು ನೋಡಿದರೆ ಬರುವುದು ಗ್ರೀನಿಚ್ಚೇ.

ಸ್ಥಾನಿಕ ವೇಳೆ ಅಂದರೇನು? ನಮ್ಮ ಊರಿನಲ್ಲೇ ಅದನ್ನು ನೋಡಬಹುದೇ?

ನೋಡಬಹುದು, ಒಂದು ಕೋಲು ಸಾಕು. ಫೆಬ್ರವರಿ ಎರಡನೇ ವಾರದಲ್ಲಿ ನಮ್ಮ ಶಾಲೆಯ ಮೈದಾನದಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ತೂಕದ ದಾರ ಕಟ್ಟಿ ನೆಟ್ಟಗೆ ನಿಲ್ಲಿಸುತ್ತೇವೆ. ಹನ್ನೆರಡಕ್ಕೆ ಶುರುಮಾಡಿ ಐದೈದು ನಿಮಿಷಕ್ಕೆ ನೆರಳಿನ ತುದಿಯಲ್ಲಿ ಒಂದೊಂದು ಕಲ್ಲು ಇಡುವುದು. ಗಡಿಯಾರದ ಪ್ರಕಾರ ಹನ್ನೆರಡಕ್ಕೇ ನೆರಳು ಅತಿ ಗಿಡ್ಡವಾಗಬೇಕು ಎಂದು ಮಕ್ಕಳು ಕಾಯುತ್ತಾರೆ. ಆಗುವುದಿಲ್ಲ. ಹನ್ನೆರಡೂಕಾಲು, ಹನ್ನೆರಡೂವರೆ, ನೆರಳು ಇನ್ನೂ ಕಿರಿದಾಗುತ್ತಲೇ ಇರುತ್ತದೆ. 12:45ರ ಹೊತ್ತಿಗೆ ಅರ್ಧ ಮೀಟರಿಗೆ ಬಂದು, ನೇರ ಉತ್ತರಕ್ಕೆ ತಿರುಗಿ ನಿಂತು, ಮತ್ತೆ ಉದ್ದವಾಗತೊಡಗುತ್ತದೆ. ನಮ್ಮೂರಿನ ನಿಜವಾದ ಮಧ್ಯಾಹ್ನ ಅದು.

ತಡವಾಗಲು ಎರಡು ಕಾರಣ. ಕುಂದಾಪುರದ ಆಸುಪಾಸಿನ ರೇಖಾಂಶ ಸುಮಾರು 74.7 ಡಿಗ್ರಿ ಪೂರ್ವ. ದೇಶದ ಗಡಿಯಾರ ಇರುವುದು 82.5 ಡಿಗ್ರಿಗೆ. ನಡುವಿನ 7.8 ಡಿಗ್ರಿಗೆ 31 ನಿಮಿಷ. ಉಳಿದ 14 ನಿಮಿಷ ಫೆಬ್ರವರಿಯದು: ಭೂಮಿಯ ಅಕ್ಷದ ಓರೆ ಮತ್ತು ಅದರ ದೀರ್ಘವೃತ್ತದ ದಾರಿ ಎರಡೂ ಸೇರಿ ಸೂರ್ಯ ವರ್ಷದಲ್ಲಿ ಕೆಲವು ತಿಂಗಳು ತಡವಾಗಿ, ಕೆಲವು ತಿಂಗಳು ಬೇಗ ನೆತ್ತಿಗೆ ಬರುತ್ತಾನೆ. ನವೆಂಬರ್ ಮೊದಲ ವಾರದಲ್ಲಿ ಇದೇ ಕೋಲು ನೆಟ್ಟರೆ 12:15ಕ್ಕೇ ಮಧ್ಯಾಹ್ನ. ಬೆಂಗಳೂರಿನವರಿಗೆ ರೇಖಾಂಶದ ತಡ ಸುಮಾರು 20 ನಿಮಿಷ, ಮಂಗಳೂರಿನವರಿಗೆ 31.

ರೈಲು ಬರುವ ಮೊದಲು ಪ್ರತಿ ಊರಿಗೂ ತನ್ನ ನೆರಳೇ ಗಡಿಯಾರವಾಗಿತ್ತು. ನಮ್ಮ ಪಂಚಾಂಗ ಗಣಿತದವರಿಗೆ ಇದು ಹೊಸತೇನಲ್ಲ. ಅವರು ಉಜ್ಜಯಿನಿಯ ಮೇಲೆ ಹಾಯುವ ರೇಖೆಯನ್ನು ಮೂಲವಾಗಿಟ್ಟುಕೊಂಡು ಬೇರೆ ಊರುಗಳಿಗೆ ದೇಶಾಂತರ ಸಂಸ್ಕಾರ, ಅಂದರೆ ರೇಖಾಂಶದ ಅಂತರಕ್ಕೆ ತಕ್ಕ ತಿದ್ದುಪಡಿ, ಮಾಡುತ್ತಿದ್ದರು. ದಿನಕ್ಕೆ 60 ಘಳಿಗೆಯಾದ್ದರಿಂದ 6 ಡಿಗ್ರಿಗೆ ಒಂದು ಘಳಿಗೆ, ಒಂದು ಡಿಗ್ರಿಗೆ 10 ವಿಘಳಿಗೆ. ಎಷ್ಟು ಚೊಕ್ಕ ಲೆಕ್ಕ ನೋಡಿ! ಇಂದಿಗೂ ಪಂಚಾಂಗದ ರಾಹುಕಾಲವನ್ನು ನಿಮ್ಮೂರಿನ ಸೂರ್ಯೋದಯದಿಂದ ಎಣಿಸಬೇಕು ಎನ್ನುವುದು ಇದೇ ಕಾರಣಕ್ಕೆ.

ಭಾರತಕ್ಕೆ ಐದೂವರೆ ಗಂಟೆ ಎಂಬ ಅರ್ಧದ ಲೆಕ್ಕ ಹೇಗೆ ಬಂತು?

ನಮ್ಮ ದೇಶ ಸುಮಾರು 68ರಿಂದ 97 ಡಿಗ್ರಿ ಪೂರ್ವದವರೆಗೆ ಹರಡಿದೆ. ಪೂರ್ಣ ಗಂಟೆ ಬೇಕೆಂದರೆ 75 ಅಥವಾ 90 ಡಿಗ್ರಿಯನ್ನು ಹಿಡಿಯಬೇಕಿತ್ತು. ಒಂದು ಪಶ್ಚಿಮಕ್ಕೆ ವಾಲುತ್ತದೆ, ಇನ್ನೊಂದು ಪೂರ್ವಕ್ಕೆ. ಎರಡರ ಸರಿ ಮಧ್ಯ 82.5. ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ, ಆಂಧ್ರದ ಕಾಕಿನಾಡದ ಹತ್ತಿರ ಆ ರೇಖೆ ಹಾಯುತ್ತದೆ.

ಅದಕ್ಕೆ ಮೊದಲು ದೇಶದ ರೈಲುಗಳು ಓಡುತ್ತಿದ್ದದ್ದು ಮದ್ರಾಸ್ ವೇಳೆಯಲ್ಲಿ, ಅಂದರೆ ಗ್ರೀನಿಚ್ಚಿಗಿಂತ 5 ಗಂಟೆ 21 ನಿಮಿಷ ಮುಂದೆ. ಬೊಂಬಾಯಿಗೆ ತನ್ನದೇ ವೇಳೆ, 4 ಗಂಟೆ 51 ನಿಮಿಷ. ಕಲ್ಕತ್ತೆಗೆ 5 ಗಂಟೆ 53 ನಿಮಿಷ. 1906ರ ಜನವರಿ 1ರಿಂದ ಆದರ್ಶ ವೇಳೆ ಬಂದಾಗ ಮದ್ರಾಸಿನವರಿಗೆ ಬದಲಾದದ್ದು 9 ನಿಮಿಷ ಮಾತ್ರ. ಬೊಂಬಾಯಿಯವರಿಗೆ 39 ನಿಮಿಷ! ಸರಕಾರ ಗಡಿಯಾರವನ್ನೂ ಕಿತ್ತುಕೊಂಡಿತು ಎಂದು ಜನ ಸಿಟ್ಟಾದರು. ಬೊಂಬಾಯಿ ವೇಳೆ 1955ರವರೆಗೂ, ಕಲ್ಕತ್ತೆಯದು 1948ರವರೆಗೂ ಉಳಿದುಕೊಂಡವು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಡೀ ದೇಶದ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿದ್ದರು, ಹಿರಿಯರು ಯಾರಾದರೂ ಹೇಳಿದ್ದು ನಿಮಗೆ ನೆನಪಿರಬಹುದು.

ಈಶಾನ್ಯದವರು ಬೇರೆ ವಲಯ ಕೇಳುತ್ತಾರಲ್ಲ, ಕೊಟ್ಟರೆ ಗೆರೆ ಎಲ್ಲಿ ಬೀಳುತ್ತದೆ?

ಅವರ ಕೇಳಿಕೆಯಲ್ಲಿ ನ್ಯಾಯವಿದೆ. ಜೂನಿನಲ್ಲಿ ಅರುಣಾಚಲದ ಪೂರ್ವ ತುದಿಯಲ್ಲಿ ನಾಲ್ಕು ಗಂಟೆಯ ಸುಮಾರಿಗೆ ಬೆಳಕಾಗುತ್ತದೆ, ಕಚೇರಿ ತೆರೆಯುವ ಹೊತ್ತಿಗೆ ದಿನದ ಒಳ್ಳೆಯ ಪಾಲು ಕಳೆದಿರುತ್ತದೆ. ಚಳಿಗಾಲದಲ್ಲಿ ಐದಕ್ಕೆ ಮೊದಲೇ ಕತ್ತಲು. ಅಸ್ಸಾಮಿನ ಚಹಾ ತೋಟಗಳು ಬ್ರಿಟಿಷರ ಕಾಲದಿಂದ ಒಂದು ಗಂಟೆ ಮುಂದಿರುವ ‘ಬಾಗಾನ್ ಟೈಮ್’ ಪಾಲಿಸುತ್ತ ಬಂದಿವೆ.

2018ರಲ್ಲಿ ರಾಷ್ಟ್ರೀಯ ಭೌತ ಪ್ರಯೋಗಾಲಯದ ವಿಜ್ಞಾನಿಗಳು ಒಂದು ಲೇಖನದಲ್ಲಿ ಎರಡು ವಲಯಗಳನ್ನು ಸೂಚಿಸಿದರು. ಅವರು ತೋರಿಸಿದ ಗೆರೆ 89 ಡಿಗ್ರಿ 52 ನಿಮಿಷ ಪೂರ್ವದ್ದು, ಬಂಗಾಳ ಮತ್ತು ಅಸ್ಸಾಮಿನ ಗಡಿಯ ಹತ್ತಿರ. ಅಲ್ಲೇ ಯಾಕೆ? ದೇಶ ಅಲ್ಲಿ ಕೋಳಿಯ ಕುತ್ತಿಗೆಯಷ್ಟು ಕಿರಿದಾಗಿದೆ. ಗೆರೆ ಗಿಡ್ಡವಾದಷ್ಟೂ ಅದನ್ನು ದಾಟುವ ರೈಲು ಹಳಿ ಕಡಿಮೆ, ಗೊಂದಲವೂ ಕಡಿಮೆ. ನನ್ನ ಮನಸ್ಸು ಈ ಸೂಚನೆಯ ಕಡೆಗೇ ವಾಲುತ್ತದೆ. ಒಂದೇ ಗಡಿಯಾರ ದೇಶದ ಏಕತೆಯ ಗುರುತು ಎನ್ನುವವರ ಮಾತು ನನಗೆ ಅರ್ಥವಾಗುತ್ತದೆ, ಆದರೆ ಆ ಗುರುತಿನ ಬೆಲೆಯನ್ನು ದಿನವೂ ತೆರುತ್ತಿರುವವರು ಒಂದು ಮೂಲೆಯವರು ಮಾತ್ರ. ಸದ್ಯಕ್ಕೆ ಕಾನೂನಿನ ಪ್ರಕಾರ ದೇಶಕ್ಕೆಲ್ಲ ಒಂದೇ ವೇಳೆ.

ಒಂದು ದೇಶದ ಒಳಗಿನ ಗೆರೆಯನ್ನು ಕಾಗದದ ಮೇಲೆ ಹೇಗೆ ಬರೆಯುತ್ತಾರೆ?

ಅಮೆರಿಕವನ್ನು ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಅಲ್ಲಿ ವಲಯದ ಗಡಿಯ ಅಧಿಕಾರ ಇರುವುದು ಸಾರಿಗೆ ಇಲಾಖೆಗೆ. ರೈಲಿನಿಂದ ಹುಟ್ಟಿದ ವಿಚಾರ ಇಂದಿಗೂ ಸಾರಿಗೆಯವರ ಕೈಯಲ್ಲೇ ಉಳಿದಿದೆ. ಗಡಿಯ ವಿವರ ನಮ್ಮ ಜಮೀನಿನ ಚೆಕ್ಕುಬಂದಿಯನ್ನೇ ನೆನಪಿಸುತ್ತದೆ: ಇಂಥ ರಾಜ್ಯದ ಗಡಿ ಹಿಡಿದು ಹೋಗಿ, ಇಂಥ ಕೌಂಟಿಯ (ಅಲ್ಲಿನ ಜಿಲ್ಲೆ) ಪಶ್ಚಿಮ ಅಂಚಿಗೆ ತಿರುಗಿ, ಇಂಥ ನದಿ ಹಿಡಿದು ಇಳಿದು. ಫ್ಲಾರಿಡಾದಲ್ಲಿ ಅಪಲಾಚಿಕೋಲಾ ನದಿಯ ಆಚೆ ದಡಕ್ಕೂ ಈಚೆ ದಡಕ್ಕೂ ಒಂದು ಗಂಟೆ ವ್ಯತ್ಯಾಸ.

ಗಡಿ ಸರಿಸಬೇಕಾದರೆ ಕಾನೂನು ಹೇಳುವ ಅಳತೆಗೋಲು ವಾಣಿಜ್ಯದ ಅನುಕೂಲ. ಕೌಂಟಿಯ ಆಡಳಿತ ಅರ್ಜಿ ಹಾಕಬೇಕು. ಇಲಾಖೆ ಕೇಳುವ ಪ್ರಶ್ನೆಗಳು ನನಗೆ ತುಂಬ ಇಷ್ಟ. ನಿಮ್ಮೂರಿಗೆ ಟಿವಿ, ರೇಡಿಯೋ ಎಲ್ಲಿಂದ ಬರುತ್ತದೆ? ಪೇಪರ್ ಯಾವ ಊರಿನದು? ಜನ ಕೆಲಸಕ್ಕೆ ಎಲ್ಲಿಗೆ ಹೋಗುತ್ತಾರೆ? ಬಸ್ಸು, ರೈಲು, ವಿಮಾನಕ್ಕೆ ಎಲ್ಲಿಗೆ ಹೋಗಬೇಕು? ಸೂರ್ಯನನ್ನು ಯಾರೂ ಮೊದಲು ಕೇಳುವುದಿಲ್ಲ, ಜನರ ಓಡಾಟವನ್ನು ಕೇಳುತ್ತಾರೆ.

ಇಂಡಿಯಾನಾ ರಾಜ್ಯದಲ್ಲಿ 92 ಕೌಂಟಿಗಳಿವೆ. 80 ಪೂರ್ವ ವಲಯದಲ್ಲಿ, 12 ಮಧ್ಯ ವಲಯದಲ್ಲಿ. ಆ 12ರಲ್ಲಿ ಆರು ವಾಯವ್ಯ ಮೂಲೆಯಲ್ಲಿ ಚಿಕಾಗೋಗೆ ಅಂಟಿಕೊಂಡಿವೆ, ಆರು ನೈಋತ್ಯದಲ್ಲಿ ಎವನ್ಸ್‌ವಿಲ್ ಸುತ್ತ. ಕೆಲವು ಕೌಂಟಿಗಳು 2006ರಲ್ಲಿ ಮಧ್ಯ ವಲಯಕ್ಕೆ ಹೋಗಿ ಮರುವರ್ಷವೇ ವಾಪಸ್ ಬಂದವು. ಚಿಕಾಗೋದಿಂದ ಸೌತ್ ಬೆಂಡ್‌ಗೆ ಹೋಗುವ ರೈಲಿನ ವೇಳಾಪಟ್ಟಿ ಪೂರ್ತಿ ಮಧ್ಯ ವಲಯದ ವೇಳೆಯಲ್ಲಿರುತ್ತದೆ, ಸೌತ್ ಬೆಂಡ್ ಮಾತ್ರ ಪೂರ್ವ ವಲಯದ ಊರು. ಚಿಕಾಗೋದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಲ್ಲಿ ಕೆಲಸದ ಸಂದರ್ಶನಕ್ಕೆ ಹತ್ತಕ್ಕೆ ಇಳಿದಳು, ಊರಿನ ಗಡಿಯಾರದಲ್ಲಿ ಆಗಲೇ ಹನ್ನೊಂದು. ‘ಪಾಠದಲ್ಲಿ ಇದನ್ನು ಯಾಕೆ ಹೇಳಲಿಲ್ಲ’ ಎಂದು ಅವತ್ತು ರಾತ್ರಿಯೇ ಫೋನ್ ಮಾಡಿದಳು. ಈ ಪ್ರಶ್ನೋತ್ತರ ಬರೆಯಲು ಅದೂ ಒಂದು ಕಾರಣ.

ಸಮುದ್ರದಲ್ಲಿ?

ಪಠ್ಯಪುಸ್ತಕದ ನೆಟ್ಟನೆಯ ಪಟ್ಟಿಗಳು ನಿಜವಾಗಿ ಇರುವುದು ಅಲ್ಲೇ. 1917ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಸೇರಿ ರೂಪಿಸಿದ ಪದ್ಧತಿ ಅದು. ಗ್ರೀನಿಚ್ಚಿನ ಎಡಬಲಕ್ಕೆ ಏಳೂವರೆ ಡಿಗ್ರಿ ಒಂದು ವಲಯ, ಅಲ್ಲಿಂದ 15 ಡಿಗ್ರಿಗೆ ಒಂದೊಂದು. 180 ಡಿಗ್ರಿಯ ವಲಯ ಮಾತ್ರ ಎರಡು ಹೋಳು, ಎರಡಕ್ಕೂ ಒಂದು ದಿನದ ಅಂತರ. ಯಾವುದೇ ದೇಶದ ಕರಾವಳಿ ನೀರಿಗೆ ಬಂದರೆ ಆ ದೇಶದ ವೇಳೆ.

ದಿನರೇಖೆಯಾದರೂ ಒಪ್ಪಂದದಿಂದ ಆದದ್ದೇ?

ಅದೂ ಇಲ್ಲ. ದಿನರೇಖೆ ಎಂದರೆ ದಾಟಿದರೆ ತಾರೀಖು ಒಂದು ದಿನ ಬದಲಾಗುವ ಗೆರೆ; ಯಾವ ಒಪ್ಪಂದದಲ್ಲೂ ಅದರ ದಾರಿಯನ್ನು ಬರೆದಿಲ್ಲ. ಪೆಸಿಫಿಕ್ಕಿನ ದ್ವೀಪ ದೇಶಗಳು ತಮಗೆ ಬೇಕಾದ ತಾರೀಖನ್ನು ಆರಿಸಿಕೊಳ್ಳುತ್ತವೆ, ನಕ್ಷೆ ಮಾಡುವವರು ಅವುಗಳ ನಡುವೆ ಗೆರೆ ಜೋಡಿಸುತ್ತಾರೆ.

ಸಮೋವಾ ಇದಕ್ಕೆ ಕಣ್ಣಿಗೆ ಕಟ್ಟುವಂಥ ಉದಾಹರಣೆ. 1892ರಲ್ಲಿ ಅಮೆರಿಕದ ವ್ಯಾಪಾರಿಗಳ ಜೊತೆ ತಾರೀಖು ಹೊಂದಲಿ ಎಂದು ಅವರು ಜುಲೈ 4ನ್ನು ಎರಡು ಸಲ ಆಚರಿಸಿದರು. ನೂರು ವರ್ಷ ಕಳೆಯುವಷ್ಟರಲ್ಲಿ ವ್ಯಾಪಾರ ಆಸ್ಟ್ರೇಲಿಯ, ನ್ಯೂಜಿಲೆಂಡ್ ಕಡೆಗೆ ತಿರುಗಿತ್ತು. ಸಮೋವಾದಲ್ಲಿ ಶುಕ್ರವಾರ ಇದ್ದಾಗ ಅಲ್ಲಿ ಶನಿವಾರದ ರಜೆ, ಇಲ್ಲಿ ಭಾನುವಾರ ಚರ್ಚಿಗೆ ಹೊರಟಾಗ ಅಲ್ಲಿ ಸೋಮವಾರದ ವಹಿವಾಟು. ವಾರಕ್ಕೆ ಎರಡು ದಿನ ಹೀಗೇ ನಷ್ಟ. 2011ರ ಡಿಸೆಂಬರ್ 29, ಗುರುವಾರ ರಾತ್ರಿ ಜನ ಮಲಗಿದರು, ಎದ್ದಾಗ 31, ಶನಿವಾರ. ಶುಕ್ರವಾರ ಎಂಬುದೇ ಬರಲಿಲ್ಲ. ಬಾರದ ಆ ದಿನಕ್ಕೂ ಕೆಲಸಗಾರರಿಗೆ ಸಂಬಳ ಕೊಡಬೇಕೆಂದು ಕಾನೂನು ಮಾಡಿದ್ದರು. ಶನಿವಾರವನ್ನು ಪವಿತ್ರ ದಿನವಾಗಿ ಆಚರಿಸುವ ಕ್ರೈಸ್ತ ಪಂಗಡದಲ್ಲಿ, ಇನ್ನು ಮುಂದೆ ಯಾವುದು ನಿಜವಾದ ಏಳನೇ ದಿನ ಎಂದು ಭಿನ್ನಾಭಿಪ್ರಾಯವೇ ಎದ್ದಿತು. ಏಕಾದಶಿ ಇವತ್ತೋ ನಾಳೆಯೋ ಎಂದು ಎರಡು ಮಠದ ಪಂಚಾಂಗ ಹಿಡಿದು ಕೂರುವ ನಮ್ಮವರಿಗೆ ಆ ಸಂಕಟ ಚೆನ್ನಾಗಿ ಅರ್ಥವಾಗುತ್ತದೆ.

ಪಕ್ಕದ ಅಮೆರಿಕನ್ ಸಮೋವಾ ಬದಲಾಗಲಿಲ್ಲ. ಇವತ್ತು ಎರಡೂ ಕಡೆಯ ಗಡಿಯಾರದ ಮುಳ್ಳುಗಳು ಒಂದೇ ಜಾಗದಲ್ಲಿರುತ್ತವೆ, ಗೋಡೆಯ ಕ್ಯಾಲೆಂಡರ್ ಮಾತ್ರ ಒಂದು ದಿನ ಬೇರೆ.

ಕಿರಿಬಾಸ್ ದೇಶದ್ದು ಇನ್ನೊಂದು ಬಗೆ. ದಿನರೇಖೆ ಆ ದೇಶದ ನಡುವೆಯೇ ಹಾಯುತ್ತಿತ್ತು. 1995ರ ಆರಂಭಕ್ಕೆ ಅದನ್ನು ಪೂರ್ವಕ್ಕೆ ತಳ್ಳಿ ಇಡೀ ದೇಶಕ್ಕೆ ಒಂದೇ ತಾರೀಖು ತಂದುಕೊಂಡರು. ಅದರಿಂದ ಅವರ ಪೂರ್ವದ ದ್ವೀಪಗಳು ಗ್ರೀನಿಚ್ಚಿಗಿಂತ 14 ಗಂಟೆ ಮುಂದೆ. ಗ್ರೀನಿಚ್ಚಿನಿಂದ ಅಂತರ ಹನ್ನೆರಡು ಗಂಟೆಗೆ ಮುಗಿಯಬೇಕಲ್ಲ ಎಂದು ಕೇಳುವವರಿಗೆ ಉತ್ತರ ಇದೇ.

ಚೀನಾ ಅಷ್ಟು ದೊಡ್ಡದಿದ್ದರೂ ಒಂದೇ ವಲಯ ಹೇಗೆ?

1949ರ ನಂತರ ಬಂದ ಸರಕಾರ ಹಳೆಯ ಐದು ವಲಯಗಳನ್ನು ತೆಗೆದು ಎಲ್ಲರಿಗೂ ಬೀಜಿಂಗ್ ವೇಳೆ ಕೊಟ್ಟಿತು. ಪಶ್ಚಿಮದ ಕಾಶ್ಗರ್ ನಗರ ಇರುವುದು 76 ಡಿಗ್ರಿ ರೇಖಾಂಶದಲ್ಲಿ. ನಮ್ಮ ದಾವಣಗೆರೆಯೂ ಹೆಚ್ಚುಕಡಿಮೆ ಅಲ್ಲೇ. ಅಂದರೆ ಎರಡೂ ಊರಿಗೆ ಮಧ್ಯಾಹ್ನ ಆಗುವುದು ಒಂದೇ ಕ್ಷಣಕ್ಕೆ. ಆ ಕ್ಷಣದಲ್ಲಿ ದಾವಣಗೆರೆಯ ಗಡಿಯಾರದಲ್ಲಿ ಸುಮಾರು 12:26, ಕಾಶ್ಗರಿನ ಸರಕಾರಿ ಗಡಿಯಾರದಲ್ಲಿ 2:56! ಅಲ್ಲಿನ ಉಯಿಘರ್ ಜನರಲ್ಲಿ ಅನೇಕರು ಎರಡು ಗಂಟೆ ಹಿಂದಿನ ತಮ್ಮದೇ ವೇಳೆಯನ್ನು ಬಳಸುತ್ತಾರೆ. ಚೀನಾದಿಂದ ಅಫ್ಘಾನಿಸ್ತಾನದ ಗಡಿ ದಾಟಿದರೆ ಗಡಿಯಾರವನ್ನು ಮೂರೂವರೆ ಗಂಟೆ ಹಿಂದಕ್ಕೆ ತಿರುಗಿಸಬೇಕು.

ನೇಪಾಳಕ್ಕೆ ಕಾಲು ಗಂಟೆ ಹೆಚ್ಚು ಯಾಕೆ?

ಅವರು ತಮ್ಮ ಗೌರೀಶಂಕರ ಶಿಖರದ 86 ಡಿಗ್ರಿ 15 ನಿಮಿಷದ ರೇಖೆಯನ್ನು ಹಿಡಿದಿದ್ದಾರೆ. ನಾಲ್ಕರಿಂದ ಗುಣಿಸಿ, 5 ಗಂಟೆ 45 ನಿಮಿಷ ಬರುತ್ತದೆ. 1986ರಿಂದ ಹೀಗಿದೆ.

ಸರಕಾರ ಮನಸ್ಸು ಬದಲಿಸಿದರೆ?

ಗೆರೆಯೂ ಬದಲಾಗುತ್ತದೆ. ಉತ್ತರ ಕೊರಿಯ 2015ರಲ್ಲಿ ಅರ್ಧ ಗಂಟೆ ಹಿಂದೆ ಸರಿದು 2018ರಲ್ಲಿ ಮರಳಿತು. ಶ್ರೀಲಂಕಾ 1996ರಲ್ಲಿ ಮುಂದೆ ಹೋಗಿ 2006ರಲ್ಲಿ ನಮ್ಮ ಐದೂವರೆಗೇ ವಾಪಸಾಯಿತು. ಕಜಾಕಸ್ತಾನ 2024ರ ಮಾರ್ಚ್ 1ರಂದು ಎರಡು ವಲಯಗಳನ್ನು ಒಂದು ಮಾಡಿತು. ಸ್ಪೇನ್ 1940ರಲ್ಲಿ ಜರ್ಮನಿಯ ವೇಳೆಗೆ ಬಂದದ್ದು ಇನ್ನೂ ಹಾಗೆಯೇ ಇದೆ.

ಇಷ್ಟೆಲ್ಲ ಮೊಬೈಲಿಗೆ ಹೇಗೆ ಗೊತ್ತಾಗುತ್ತದೆ?

ಕಂಪ್ಯೂಟರು, ಮೊಬೈಲುಗಳ ಒಳಗೆ ಒಂದು ದೊಡ್ಡ ಪಟ್ಟಿ ಇರುತ್ತದೆ. ಪ್ರತಿ ಪ್ರದೇಶಕ್ಕೂ ಒಂದು ನಗರದ ಹೆಸರು ಕೊಟ್ಟು, ಅಲ್ಲಿ ಯಾವಾಗ ಯಾವ ವೇಳೆ ಜಾರಿಯಲ್ಲಿತ್ತು ಎಂಬುದನ್ನು ಅದರಲ್ಲಿ ಬರೆದಿಟ್ಟಿದ್ದಾರೆ. ನಮ್ಮದು ‘ಏಷ್ಯಾ/ಕೋಲ್ಕತಾ’. ಸೆಟ್ಟಿಂಗಿನಲ್ಲಿ ಬೆಂಗಳೂರು ಇಲ್ಲವಲ್ಲ ಎಂದು ಹುಡುಕುವವರು ಇದನ್ನೇ ಆರಿಸಬೇಕು. ಈ ಪಟ್ಟಿಯನ್ನು ದಶಕಗಳಿಂದ ಸ್ವಯಂಸೇವಕರು ತಿದ್ದುತ್ತ ಬಂದಿದ್ದಾರೆ. ಯಾವುದೋ ದೇಶ ನಾಲ್ಕು ದಿನ ಮುಂಚೆ ಆದೇಶ ಹೊರಡಿಸಿದರೂ ಅದನ್ನು ಹಿಡಿದು ಪಟ್ಟಿಗೆ ಸೇರಿಸುವ ಅವರ ಶ್ರದ್ಧೆ ದೊಡ್ಡದು.

ಅಮೆರಿಕದಲ್ಲಿರುವ ಮಗಳಿಗೂ ನಮಗೂ ಒಮ್ಮೆ ಒಂಬತ್ತೂವರೆ ಗಂಟೆ, ಒಮ್ಮೆ ಹತ್ತೂವರೆ. ಗೆರೆ ಸರಿಯಿತೇ?

ಗೆರೆ ಇದ್ದಲ್ಲೇ ಇದೆ. ಅಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ನವೆಂಬರ್ ಮೊದಲ ಭಾನುವಾರ ಹಿಂದೆ ತರುತ್ತಾರೆ. ನ್ಯೂಯಾರ್ಕ್ ಕಡೆಯವರಿಗೆ ನಮ್ಮಿಂದ ಬೇಸಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ. ಕ್ಯಾಲಿಫೋರ್ನಿಯಾಕ್ಕೆ ಹನ್ನೆರಡೂವರೆ, ಹದಿಮೂರೂವರೆ. ಯುರೋಪಿನವರು ಬದಲಿಸುವುದು ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರಗಳಂದು, ಆದ್ದರಿಂದ ಮಾರ್ಚಿನಲ್ಲಿ ಎರಡು ಮೂರು ವಾರ, ಅಕ್ಟೋಬರ್ ಕೊನೆಯಲ್ಲಿ ಒಂದು ವಾರ ಲಂಡನ್‌ಗೂ ನ್ಯೂಯಾರ್ಕ್‌ಗೂ ಎಂದಿನ ಅಂತರ ಇರುವುದಿಲ್ಲ. ಮದುವೆ, ಉಪನಯನವನ್ನು ಮೊಬೈಲಿನಲ್ಲಿ ನೇರ ತೋರಿಸುವವರು ಕರೆಯೋಲೆಯಲ್ಲಿ ‘ಬೆಳಿಗ್ಗೆ 9:20’ ಎಂದಷ್ಟೇ ಹಾಕಿದರೆ ಸಾಲದು. ‘ಭಾರತದ ವೇಳೆ’ ಎಂದು ಪಕ್ಕದಲ್ಲಿ ಬರೆಯಿರಿ, ಮಗಳು ಇರುವ ಊರಿನ ಹೆಸರು ಹಾಕಿ ಅಲ್ಲಿನ ಗಂಟೆಯನ್ನೂ, ವಾರವನ್ನೂ ಕೆಳಗೆ ಕೊಡಿ. ನಮ್ಮ ಭಾನುವಾರದ ಮುಹೂರ್ತ ಅವಳಿಗೆ ಶನಿವಾರ ರಾತ್ರಿಯದು.